ಕೆಂಪು ಚುಕ್ಕೆ ಮತ್ತು ಹಿಂದಿನ ಬೆಂಚು

ನಾವಿಬ್ಬರೂ ಒಂದೇ ಶಾಲೆಯಲ್ಲಿ ಪಾಠ ಹೇಳಿದವರು. ಒಬ್ಬರು ವಿಜ್ಞಾನ, ಒಬ್ಬರು ಗಣಿತ. ಕಾಸರಗೋಡಿನ ಒಳಭಾಗದ ಕನ್ನಡ ಮಾಧ್ಯಮ ಶಾಲೆ ಅಂದರೆ ನಿಮಗೆ ಗೊತ್ತೇ ಉಂಟಲ್ಲ, ಮಕ್ಕಳು ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಕ್ಲಾಸಿನಲ್ಲಿ ಕನ್ನಡ. ನಮ್ಮ ಮದುವೆಯೂ ಆ ಸ್ಟಾಫ್ ರೂಮಿನಲ್ಲೇ ನಿಶ್ಚಯವಾದದ್ದು. ಹಾಗಾಗಿ ಈ ಬರಹದಲ್ಲಿ "ನಾನು" ಅಂತ ಬರೆಯಲು ಹೊರಟರೆ ಮನೆಯಲ್ಲಿ ಜಗಳ ಆಗ್ತದೆ. "ನಾವು" ಎಂದೇ ಬರೆಯುತ್ತೇವೆ.

ವಿಷಯ ಸ್ವಲ್ಪ ವಿಚಿತ್ರವಾದದ್ದು. ಒಂದು ರಿವಾಲ್ವರಿಗೆ ಕೆಂಪು ಚುಕ್ಕೆಯ ಸೈಟ್ ಕೂರಿಸಿದ ಕಥೆ. ಕನ್ನಡ ಶಾಲೆಯ ಮಾಷ್ಟ್ರುಗಳಿಗೆ ರಿವಾಲ್ವರಿನ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ಕೊನೆಯವರೆಗೆ ಓದಿ, ನಮ್ಮ ಕ್ಲಾಸಿಗೇ ಬಂದು ಮುಟ್ಟುತ್ತೇವೆ.

2023ರ ಬೇಸಿಗೆ ರಜೆಯಲ್ಲಿ ನಾವು ಅಮೆರಿಕಕ್ಕೆ ಹೋಗಿದ್ದೆವು. ಆಗ ಒಬ್ಬರಿಗೆ ಒಂದು ವರ್ಷದ ಸರ್ವಿಸ್ ಉಳಿದಿತ್ತು, ಇನ್ನೊಬ್ಬರಿಗೆ ಎರಡು ವರ್ಷ. ಮಗಳ ಮನೆಯಲ್ಲಿ ತಿಂಗಳು ಕಳೆದ ಮೇಲೆ ಓಹಾಯೋ ರಾಜ್ಯದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ "ನಾಲ್ಕು ದಿನ ಬರಲೇಬೇಕು ಮಾಷ್ಟ್ರೇ, ಟೀಚರಿಗೆ ಪತ್ರೊಡೆ ಮಾಡಿ ಕೊಡ್ತೇವೆ" ಎಂದು ಹಟ ಹಿಡಿದ. 1994ರಲ್ಲಿ ನಮ್ಮ ಏಳನೇ ಕ್ಲಾಸಿನಲ್ಲಿದ್ದ ಹುಡುಗ. ಪಾಲಿಟೆಕ್ನಿಕ್ಕು, ಆಮೇಲೆ ಇಂಜಿನಿಯರಿಂಗು ಮಾಡಿ ಈಗ ಅಲ್ಲಿಯ ಪ್ರಜೆಯೇ ಆಗಿದ್ದಾನೆ. ಹೆಸರು ಬೇಡ. ನಾವು ಅವನನ್ನು "ಹುಡುಗ" ಎಂದೇ ಕರೆಯುವುದು, ಅವನ ತಲೆ ಅರ್ಧ ಬೆಳ್ಳಗಾಗಿದ್ದರೂ.

ಎರಡನೇ ದಿನ ಸಂಜೆ ಅವನು ಅಡುಗೆ ಮನೆಯ ಮೇಜಿನ ಮೇಲೆ ಹಳೆಯ ಟವೆಲು ಹಾಸಿ, ಗೋಡೆಗೆ ಹುಗಿದ ಉಕ್ಕಿನ ಪೆಟ್ಟಿಗೆಯಿಂದ ಒಂದು ರಿವಾಲ್ವರ್ ತಂದು ಇಟ್ಟ. ನಮಗೆ ಎದೆ ಧಸಕ್ ಅಂದಿತು. ನಮ್ಮ ಊರಿನಲ್ಲಿ ಕೋವಿ ಅಂದರೆ ಕಾಡುಹಂದಿ ಓಡಿಸಲು ಲೈಸೆನ್ಸ್ ಪಡೆದ ಅಡಿಕೆ ತೋಟದವರ ಒಂಟಿ ನಳಿಗೆಯ ಕೋವಿ, ಅದೂ ಚುನಾವಣೆ ಬಂದಾಗ ಪೊಲೀಸ್ ಸ್ಟೇಷನ್ನಿನಲ್ಲಿ ಠೇವಣಿ. ಇನ್ನು ಬೆಟ್ಟದ ಆಚೆ ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಪೂಜೆ ಮಾಡಿ ತೆಂಗಿನಕಾಯಿಗೆ ಗುರಿಯಿಡುವುದನ್ನು ಒಂದೆರಡು ಸಲ ನೋಡಿದ್ದೆವು. ಊಟದ ಮೇಜಿನ ಮೇಲೆ ರಿವಾಲ್ವರ್ ನೋಡಿದ್ದು ಅದೇ ಮೊದಲು. ಆ ದೇಶದ ಶಾಲೆಗಳಲ್ಲಿ ನಡೆಯುವ ಗುಂಡಿನ ಸುದ್ದಿಗಳನ್ನು ಪೇಪರಿನಲ್ಲಿ ಓದಿ ಓದಿ ನಮಗೆ ಮೊದಲೇ ಅಂಜಿಕೆ.

ಅವನಿಗೆ ನಮ್ಮ ಮುಖ ನೋಡಿಯೇ ಗೊತ್ತಾಯಿತು. "ಇದು ಗುರಿ ಆಟಕ್ಕೆ ಮಾತ್ರ. ಪ್ರತಿ ಗುರುವಾರ ಕ್ಲಬ್ಬಿನಲ್ಲಿ ಕಾಗದದ ವೃತ್ತಕ್ಕೆ ಹೊಡೆಯುವುದು" ಎಂದ. ಗುಂಡುಗಳು ಬೇರೆ ಕೋಣೆಯಲ್ಲಿ, ಬೇರೆ ಬೀಗದಲ್ಲಿ. ಸಿಲಿಂಡರನ್ನು ಪಕ್ಕಕ್ಕೆ ಹೊರಳಿಸಿ ಹತ್ತು ತೂತುಗಳನ್ನೂ ನಮಗೆ ತೋರಿಸಿದ. ಎಲ್ಲಾ ಖಾಲಿ. ಮತ್ತೊಮ್ಮೆ ತಾನೇ ಬೆರಳು ಹಾಕಿ ನೋಡಿದ. ಲೆಕ್ಕ ಮಾಡಿದ ಮೇಲೆ ತಾಳೆ ನೋಡು ಅಂತ ನಾವು ಬಡಿದುಕೊಳ್ಳುತ್ತಿದ್ದದ್ದು ಎಲ್ಲೋ ನಾಟಿದೆ ಅಂತ ಸ್ವಲ್ಪ ಸಮಾಧಾನ ಆಯಿತು.

ಇನ್ನೊಂದು ಮಾತನ್ನೂ ಹೇಳಿದ: "ನೀವು ಇದನ್ನು ಕೈಯಲ್ಲಿ ಹಿಡಿಯುವ ಹಾಗಿಲ್ಲ ಮಾಷ್ಟ್ರೇ. ಪ್ರವಾಸಿ ವೀಸಾದಲ್ಲಿ ಬಂದವರು ಬಂದೂಕು, ಗುಂಡು ಮುಟ್ಟಿದರೆ ಇಲ್ಲಿಯ ಕೇಂದ್ರ ಕಾನೂನಿನ ಪ್ರಕಾರ ತಪ್ಪು. ಬೇಟೆಯ ಲೈಸೆನ್ಸೋ ಎಂತದೋ ಇದ್ದರೆ ಬೇರೆ ಮಾತು." ನಮಗೆ ಹಿಡಿಯುವ ಆಸೆಯೂ ಇರಲಿಲ್ಲ. ಕುರ್ಚಿ ಒಂದಡಿ ಹಿಂದಕ್ಕೆ ಎಳೆದುಕೊಂಡು ಕೂತೆವು.

ಅದು ಸ್ಮಿತ್ ಆಂಡ್ ವೆಸ್ಸನ್ 617 ಎಂಬ ರಿವಾಲ್ವರ್. ಪಾಯಿಂಟ್ ಟೂಟೂ, ಅಂದರೆ ನಮ್ಮ ಎನ್‌ಸಿಸಿ ಮಕ್ಕಳು ಕ್ಯಾಂಪಿನಲ್ಲಿ ಹೊಡೆಯುವ ರೈಫಲ್ಲಿನದ್ದೇ ಅಳತೆಯ ಸಣ್ಣ ಗುಂಡು. ಇಷ್ಟು ವರ್ಷ ಅವನು ಅದರ ಮೇಲಿದ್ದ ಕಬ್ಬಿಣದ ಸೈಟುಗಳಿಂದಲೇ ಗುರಿ ನೋಡುತ್ತಿದ್ದ. ಹಿಂದೆ ಒಂದು ಕಚ್ಚು, ನಳಿಗೆಯ ತುದಿಯಲ್ಲಿ ಒಂದು ಕಂಬ, ದೂರದಲ್ಲಿ ಗುರಿ. ಮೂರನ್ನೂ ಒಂದು ಗೆರೆಗೆ ತರಬೇಕು. ಆದರೆ ಮೂರೂ ಬೇರೆ ಬೇರೆ ದೂರದಲ್ಲಿವೆ, ಕಣ್ಣಿನ ಮಸೂರ ಒಂದು ಸಲಕ್ಕೆ ಒಂದನ್ನು ಮಾತ್ರ ಸ್ಪಷ್ಟ ಮಾಡಬಲ್ಲದು. ಹಾಗಾಗಿ ಮುಂದಿನ ಕಂಬವನ್ನು ಸ್ಪಷ್ಟವಾಗಿ ನೋಡು, ಗುರಿ ಮಸುಕಾದರೆ ಆಗಲಿ ಎಂದು ಗುರಿಕಾರರಿಗೆ ಕಲಿಸುತ್ತಾರೆ. ಇವನಿಗೆ ನಲವತ್ತು ದಾಟಿದ ಮೇಲೆ ಆ ಕಂಬವೇ ಮಸುಕಾಗತೊಡಗಿತಂತೆ. ಚಾಳೀಸು! ನಾವು ನಕ್ಕೆವು. ನಮ್ಮ ಕ್ಲಾಸಿನ ಹುಡುಗನಿಗೆ ಚಾಳೀಸು ಬಂತೆಂದರೆ ನಾವು ಎಷ್ಟು ಮುದುಕರಾಗಿರಬೇಡ!

ಅದಕ್ಕೇ ಈ ಕೆಂಪು ಚುಕ್ಕೆ. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು, ಮೇಲೊಂದು ಸಣ್ಣ ಗಾಜಿನ ಕಿಟಕಿ. ಬಂದೂಕಿನಿಂದ ಬೇರೆಯಾಗಿದ್ದಾಗ ಅದು ಬರೀ ಗಾಜು ಮತ್ತು ಬ್ಯಾಟರಿ. ಅದನ್ನು ಮುಟ್ಟಲು ನಮಗೆ ಅಡ್ಡಿಯಿಲ್ಲ. ಕೈಗೆ ಕೊಟ್ಟ. ತಿರುಗಿಸಿ ನೋಡಿದ ಕೂಡಲೇ ನಮ್ಮಲ್ಲಿ ಒಬ್ಬರ ಬಾಯಿಂದ ಬಂತು: "ಇದು ಹತ್ತನೇ ಕ್ಲಾಸಿನ ನಿಮ್ನ ದರ್ಪಣ ಅಲ್ವೋ!"

ಹೌದು, ಅದೇ. ಒಳಗೆ ಮೂಲೆಯಲ್ಲಿ ಒಂದು ಪುಟ್ಟ ಎಲ್‌ಇಡಿ. ಎದುರಿಗೆ ಬಾಗಿದ ಗಾಜು, ಅದಕ್ಕೆ ಕೆಂಪು ಬೆಳಕನ್ನು ಮಾತ್ರ ಪ್ರತಿಫಲಿಸಿ ಉಳಿದ ಬಣ್ಣಗಳನ್ನು ಬಿಟ್ಟುಕೊಡುವ ತೆಳುವಾದ ಲೇಪ. ದೀಪ ಇರುವುದು ಆ ಗಾಜಿನ ನಾಭಿಯಲ್ಲಿ. ನಾಭಿಯಿಂದ ಹೊರಟ ಕಿರಣಗಳು ದರ್ಪಣಕ್ಕೆ ಬಡಿದು ಸಮಾನಾಂತರವಾಗಿ ಹೋಗುತ್ತವೆ ಎಂದು ಮೂವತ್ತು ವರ್ಷ ಬೋರ್ಡಿನ ಮೇಲೆ ಗೆರೆ ಎಳೆದಿದ್ದೇವೆ. ಸಮಾನಾಂತರ ಕಿರಣ ಅಂದರೆ ಅನಂತ ದೂರದಿಂದ ಬಂದ ಹಾಗೆ. ಆದ್ದರಿಂದ ಚುಕ್ಕೆಯು ಗಾಜಿನ ಮೇಲಲ್ಲ, ದೂರದ ಗುರಿಯ ಮೇಲೆಯೇ ಕೂತ ಹಾಗೆ ಕಾಣುತ್ತದೆ. ಕಣ್ಣು ಗುರಿಯನ್ನು ನೋಡಿದರೆ ಸಾಕು. ಚಾಳೀಸಿನವನಿಗೂ ದೂರದ್ದು ಕಾಣುತ್ತದಲ್ಲ! ತಲೆ ಸ್ವಲ್ಪ ಆಚೀಚೆ ಆದರೂ ಚುಕ್ಕೆ ಗುರಿಯನ್ನು ಹೆಚ್ಚೇನೂ ಬಿಡುವುದಿಲ್ಲ. ಇದು ಗುಂಡು ಹಾರಿಸುವವರ ಬುದ್ಧಿಯಲ್ಲಿ ಹುಟ್ಟಿದ್ದೂ ಅಲ್ಲ. 1900ರಲ್ಲಿ ಡಬ್ಲಿನ್ನಿನ ಹೊವಾರ್ಡ್ ಗ್ರಬ್ ಎಂಬ ದೂರದರ್ಶಕ ತಯಾರಕ ಈ ತತ್ವಕ್ಕೆ ಪೇಟೆಂಟ್ ಪಡೆದ. ಸಣ್ಣ ಎಲ್‌ಇಡಿ ಬಂದ ಮೇಲೆ 1970ರ ದಶಕದಲ್ಲಿ ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪೆನಿ ಅದನ್ನು ಬಂದೂಕಿನ ಮೇಲೆ ತಂದಿತು.

ಇನ್ನು ಕೂರಿಸುವ ಕೆಲಸ. ಹುಡುಗ ಮಾಡಿದ ಕ್ರಮ ನಮಗೆ ಲ್ಯಾಬಿನ ಪ್ರಯೋಗದಷ್ಟೇ ಇಷ್ಟವಾಯಿತು. ಮೊದಲು ಹಿಂದಿನ ಕಬ್ಬಿಣದ ಸೈಟಿನ ಸ್ಕ್ರೂ ಬಿಚ್ಚಿ ಅದನ್ನು ತೆಗೆದ. ಅದರ ಅಡಿಯಲ್ಲಿ ಕಂಪೆನಿಯವರೇ ಕೊರೆದು ಮರೆ ಕಟ್ಟಿಟ್ಟ ಸಣ್ಣ ತೂತುಗಳು. ಆ ತೂತುಗಳಿಗೆ ಹೊಂದುವ ಒಂದು ಅಡಿಪಟ್ಟಿ, ಅದರ ಬೆನ್ನ ಮೇಲೆ ಅಡ್ಡ ಕಚ್ಚುಗಳಿರುವ ಹಳಿ. ತೂತು, ಸ್ಕ್ರೂ ಎಲ್ಲವನ್ನೂ ಸ್ಪಿರಿಟ್ಟಿನಿಂದ ಒರೆಸಿ ಎಣ್ಣೆಯ ಪಸೆ ಇಲ್ಲದ ಹಾಗೆ ಮಾಡಿದ. ಸ್ಕ್ರೂವಿನ ಹಲ್ಲಿಗೆ ನೀಲಿ ಅಂಟು ಒಂದು ಹನಿ, ಹೊಡೆತಕ್ಕೆ ಸಡಿಲವಾಗದಿರಲಿ ಎಂದು. ಬಿಗಿ ಮಾಡಲು ಕೈಯಂದಾಜು ಇಲ್ಲ. ಅಡಿಪಟ್ಟಿಯ ಕಾಗದದಲ್ಲಿ ಬರೆದಷ್ಟೇ ತಿರುಚುಬಲ, ಅದಕ್ಕೆಂದೇ ಅಳತೆಯ ಸ್ಕ್ರೂಡ್ರೈವರ್. "ಜಾಸ್ತಿ ತಿರುಗಿಸಿದರೆ ಹಲ್ಲು ಹೋಗ್ತದೆ, ಕಡಿಮೆಯಾದರೆ ಗುರಿ ಹೋಗ್ತದೆ" ಎಂದ. ನಮ್ಮ ಶಾಲೆಯ ಬೆಂಚಿನ ಸ್ಕ್ರೂಗಳನ್ನು ಸುತ್ತಿಗೆಯಿಂದ ಹೊಡೆದು ಕೂರಿಸಿದ ಬಡಗಿಯ ನೆನಪಾಯಿತು!

ಸೈಟನ್ನು ಹಳಿಯ ಕಚ್ಚಿಗೆ ಇಟ್ಟು, ಬಿಗಿ ಮಾಡುವ ಮೊದಲು ನಳಿಗೆಯ ಕಡೆಗೆ ಒತ್ತಿ ಹಿಡಿದ. ಯಾಕೆ? ಗುಂಡು ಹಾರಿದಾಗ ರಿವಾಲ್ವರ್ ಹಿಂದಕ್ಕೆ ಜಿಗಿಯುತ್ತದೆ, ಸೈಟು ಜಡತ್ವದಿಂದ ಇದ್ದಲ್ಲೇ ಇರಲು ನೋಡುತ್ತದೆ. ಅಂದರೆ ಹಳಿಯ ಮೇಲೆ ಮುಂದಕ್ಕೆ ಜಾರಲು ನೋಡುತ್ತದೆ. ಮೊದಲೇ ಮುಂದಿನ ಗೋಡೆಗೆ ತಾಗಿಸಿಟ್ಟರೆ ಜಾರಲು ಜಾಗವಿಲ್ಲ. ಬಸ್ಸು ಹಠಾತ್ತನೆ ಹೊರಟಾಗ ನಿಂತವರು ಹಿಂದಕ್ಕೆ ಬೀಳುವ ನ್ಯೂಟನ್ನನ ಉದಾಹರಣೆಯನ್ನೇ ಅವನು ಕೊಟ್ಟ. ಅದು ನಮ್ಮದೇ ಉದಾಹರಣೆ, ಬಸ್ಸು ಮಾತ್ರ ಕಾಸರಗೋಡಿನದ್ದಾಗಿತ್ತು.

ರಿವಾಲ್ವರಿಗೆ ಬೇರೆ ಎರಡು ತಾಳೆ ನೋಡಬೇಕಂತೆ. ಹಿಂದಿನ ಸುತ್ತಿಗೆಯನ್ನು ಪೂರ್ತಿ ಎಳೆದಾಗ ಅದು ಅಡಿಪಟ್ಟಿಗಾಗಲಿ ಸೈಟಿಗಾಗಲಿ ತಾಗಬಾರದು. ಸಿಲಿಂಡರು ತಡೆಯಿಲ್ಲದೆ ಹೊರಳಿ ಹೊರಗೆ ಬರಬೇಕು. ಜೊತೆಗೆ, ಸಿಲಿಂಡರಿಗೂ ನಳಿಗೆಗೂ ನಡುವೆ ಕೂದಲೆಳೆಯ ಸಂದು ಇರುವುದರಿಂದ ಅಲ್ಲಿಂದ ಬಿಸಿ ಅನಿಲ, ಮಸಿ ಸಿಡಿಯುತ್ತದೆ. ಗಾಜು ಆ ಸಂದಿನ ಸಮೀಪ ಮುಂದೆ ಇದ್ದಷ್ಟೂ ಬೇಗ ಕಪ್ಪಾಗುತ್ತದೆ. ಕೊನೆಗೆ ಪ್ರತಿ ಸ್ಕ್ರೂ ತಲೆಯಿಂದ ಪಟ್ಟಿಯವರೆಗೆ ಬಿಳಿ ಬಣ್ಣದ ಒಂದು ಗೆರೆ ಎಳೆದ. ಗೆರೆ ತುಂಡಾದರೆ ಸ್ಕ್ರೂ ಸರಿದಿದೆ ಅಂತ ಅರ್ಥ.

ಇದೆಲ್ಲ ಮುಗಿದ ಮೇಲೆ ಕಥೆ ಹೇಳಿ ನಗುವಷ್ಟೇ ಆಗಿದ್ದರೆ ನಾವು ಇದನ್ನು ಬರೆಯುತ್ತಿರಲಿಲ್ಲ. ಸೈಟು ಕೂರಿಸುವ ಮೊದಲು, ಅದಿನ್ನೂ ನಮ್ಮ ಕೈಯಲ್ಲಿದ್ದಾಗ, ನಡೆದ ಒಂದು ಮಾತನ್ನು ಬೇಕೆಂದೇ ಹಿಂದೆ ಬಿಟ್ಟಿದ್ದೇವೆ.

ದೀಪ ಹಾಕಿ "ಗೋಡೆ ಕಡೆ ಹಿಡಿದು ನೋಡಿ, ಚುಕ್ಕೆ ಹೇಗೆ ಕಾಣ್ತದೆ?" ಎಂದು ಕೇಳಿದ್ದ. ನಮ್ಮಲ್ಲಿ ಒಬ್ಬರಿಗೆ ಕುಂಕುಮದ ಬೊಟ್ಟಿನ ಹಾಗೆ ದುಂಡಗೆ ಕಂಡಿತು. ಇನ್ನೊಬ್ಬರಿಗೆ ಬಾಲ ಇರುವ ಅಲ್ಪವಿರಾಮದ ಹಾಗೆ, ಸುತ್ತಲೂ ಮುಳ್ಳು. "ದುಂಡಗಿದೆ", "ಇಲ್ಲ, ಒಡೆದಿದೆ" ಎಂದು ಮೂವತ್ತು ವರ್ಷದ ಸಂಸಾರದ ಪದ್ಧತಿಯಂತೆ ವಾದ ಆಯಿತು. ಒಡೆದ ವಸ್ತು ಕೊಂಡು ಮೋಸಹೋಗಿದ್ದಾನೆ ಹುಡುಗ ಅಂತಲೂ ಒಬ್ಬರು ತೀರ್ಮಾನ ಮಾಡಿಬಿಟ್ಟೆವು.

ಅವನು ನಕ್ಕ. "ಸೈಟನ್ನು ಕೈಯಲ್ಲೇ ಮೆಲ್ಲ ತಿರುಗಿಸಿ ಟೀಚರ್. ಮುಳ್ಳುಗಳೂ ಜೊತೆಗೆ ತಿರುಗಿದರೆ ತಪ್ಪು ಸೈಟಿನದ್ದು. ಅಲ್ಲೇ ನಿಂತರೆ ಕಣ್ಣಿನದ್ದು." ತಿರುಗಿಸಿದೆವು. ಮುಳ್ಳು ನಿಂತಲ್ಲೇ ನಿಂತಿತು. ಫೋನಿನ ಕ್ಯಾಮರಾವನ್ನು ಗಾಜಿನ ಹಿಂದೆ ಹಿಡಿದು ಒಂದು ಫೋಟೋ ತೆಗೆದು ತೋರಿಸಿದ. ಫೋಟೋದಲ್ಲಿ ಚುಕ್ಕೆ ದುಂಡಗೆ! "ಇದು ಅಸಮದೃಷ್ಟಿ. ಕಾರ್ನಿಯಾ ಚೆಂಡಿನ ಹಾಗೆ ಎಲ್ಲಾ ಕಡೆ ಒಂದೇ ರೀತಿ ಬಾಗಿರುವುದಿಲ್ಲ, ಒಂದು ಕಡೆ ಜಾಸ್ತಿ ಬಾಗಿರ್ತದೆ. ಅಡ್ಡಗೆರೆಗೆ ಒಂದು ಫೋಕಸು, ಉದ್ದಗೆರೆಗೆ ಇನ್ನೊಂದು. ಊರಿಗೆ ಹೋದ ಕೂಡಲೇ ಕಣ್ಣಿಗೆ ತೋರಿಸಿ."

ಆಮೇಲೆ ಅವನು ತನ್ನ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಸೈಟನ್ನು ತಾನು ಹಿಡಿದು ನೋಡಿದ. "ಕನ್ನಡಕ ಇಲ್ಲದಿದ್ದರೆ ನನಗೂ ಇದು ನಕ್ಷತ್ರವೇ. ನಿಮಗಿಂತ ದೊಡ್ಡ ನಕ್ಷತ್ರ." ಸ್ವಲ್ಪ ಹೊತ್ತು ಬಿಟ್ಟು, ಬೇಜಾರಿಲ್ಲದ ದನಿಯಲ್ಲೇ ಹೇಳಿದ, "ನಿಮ್ಮ ಬೋರ್ಡಿನ ಮೇಲಿನ ಮೂರು, ಎಂಟು ಎಲ್ಲಾ ನನಗೆ ಹೀಗೇ ಕಾಣ್ತಿತ್ತು ಮಾಷ್ಟ್ರೇ."

ನಾವು ಇಬ್ಬರೂ ಸುಮ್ಮನಾದೆವು.

ಯಾಕೆಂದರೆ ನಮಗೆ ನೆನಪಿತ್ತು. 1994ರಲ್ಲಿ ಇದೇ ಹುಡುಗ ಬೋರ್ಡಿನ ಮೂರನ್ನು ಎಂಟು ಎಂದು ಬರೆದುಕೊಳ್ಳುತ್ತಿದ್ದ. 'ವ' ಇದ್ದಲ್ಲಿ 'ಮ' ಬರೆಯುತ್ತಿದ್ದ. ಲೆಕ್ಕದ ದಾರಿ ಸರಿ, ಉತ್ತರ ತಪ್ಪು. ಅಸಡ್ಡೆ ಎಂದೆವು. ಕಿಟಕಿ ಹೊರಗೆ ನೋಡ್ತಾ ಕೂತುಕೊಳ್ತಿ ಎಂದೆವು. ಉದ್ದ ಇದ್ದಾನೆ, ಹಿಂದಿನವರಿಗೆ ಅಡ್ಡ ಆಗ್ತಾನೆ ಎಂದು ಕೊನೆಯ ಬೆಂಚಿಗೆ ಕಳಿಸಿದೆವು. ಒಂದು ದಿನ, ಎಂಟನೇ ಮಗ್ಗಿಯನ್ನು ನೋಡಿ ಬರೆಯಲೂ ಬರುವುದಿಲ್ಲವಾ ಎಂದು ಇಡೀ ಪೀರಿಯಡ್ಡು ಬೆಂಚಿನ ಮೇಲೆ ನಿಲ್ಲಿಸಿದ್ದೂ ಉಂಟು. ನಿಲ್ಲಿಸಿದ್ದು ನಮ್ಮಲ್ಲಿ ಯಾರು ಎಂದು ಬರೆಯುವುದಿಲ್ಲ. ಒಬ್ಬರು ನಿಲ್ಲಿಸಿದರು, ಇನ್ನೊಬ್ಬರು ಸ್ಟಾಫ್ ರೂಮಿನಲ್ಲಿ ಕೇಳಿ "ಒಳ್ಳೆಯದಾಯಿತು" ಎಂದರು. ದರ್ಪಣ, ಮಸೂರ, ನಾಭಿ, ಕಣ್ಣಿನ ದೋಷಗಳು ಎಂದು ಪಕ್ಕದ ಕ್ಲಾಸಿನಲ್ಲಿ ಚಿತ್ರ ಬರೆದು ಪಾಠ ಮಾಡಿದ್ದು ನಾವೇ. ಆ ದೋಷ ಇದ್ದ ಕಣ್ಣು ನಮ್ಮ ಎದುರಿಗೇ ಕೂತಿದ್ದಾಗ ಗುರುತಿಸದಿದ್ದವರೂ ನಾವೇ.

ಎಂಟನೇ ಕ್ಲಾಸಿಗೆ ಅವನು ಬೇರೆ ಶಾಲೆಗೆ ಹೋದ. ಅಲ್ಲಿಗೆ ಒಂದು ಕಣ್ಣಿನ ಕ್ಯಾಂಪು ಬಂದಿತ್ತಂತೆ. ಡಾಕ್ಟರು ಮಲಯಾಳದಲ್ಲಿ ಕೇಳಿದರು, ಇವನು ತುಳುವಿನಲ್ಲಿ ಉತ್ತರಿಸಿದ. ಕೊನೆಗೆ ಅವರು ನಾಲ್ಕು ದಿಕ್ಕಿಗೆ ತಿರುಗಿದ 'ಇ' ಅಕ್ಷರದ ಪಟ ಹಿಡಿದು, ಕಾಲು ಯಾವ ಕಡೆ ಇದೆ ಅಂತ ಕೈಯಲ್ಲಿ ತೋರಿಸು ಎಂದು ಸನ್ನೆ ಮಾಡಿದರು. ಅದಕ್ಕೆ ಭಾಷೆ ಬೇಡವಲ್ಲ. ಹತ್ತು ನಿಮಿಷದಲ್ಲಿ ಗೊತ್ತಾಯಿತು. ಕನ್ನಡಕ ಹಾಕಿದ ದಿನ ತೆಂಗಿನ ಮರಕ್ಕೆ ಬೇರೆ ಬೇರೆ ಗರಿಗಳಿವೆ ಅಂತ ಮೊದಲ ಸಲ ಕಂಡದ್ದಂತೆ.

"ಇಷ್ಟು ವರ್ಷ ಹೇಳಲಿಲ್ಲ ಯಾಕೋ?" ಎಂದು ಕೇಳಿದೆವು. "ಹೇಳಲಿಕ್ಕೆ ಎಂತ ಉಂಟು? ಎಲ್ಲರಿಗೂ ಬೋರ್ಡು ಹಾಗೇ ಕಾಣುವುದು ಅಂತ ನಾನು ಅಂದುಕೊಂಡಿದ್ದೆ" ಎಂದ.

ಮಾರನೆಯ ದಿನ ಗುರುವಾರ. ಕ್ಲಬ್ಬಿಗೆ ನಮ್ಮನ್ನೂ ಕರೆದುಕೊಂಡು ಹೋದ. ಕಿವಿಗೆ ದಪ್ಪ ಮುಚ್ಚಳ, ಕಣ್ಣಿಗೆ ಕನ್ನಡಕ ಹಾಕಿಸಿ ಹಿಂದಿನ ಕುರ್ಚಿಯಲ್ಲಿ ಕೂರಿಸಿದರು. ಹಿಂದಿನ ಬೆಂಚು! ಆ ರಾಜ್ಯದಲ್ಲಿ ಇರೀ ಸರೋವರದ ದಂಡೆಯ ಕ್ಯಾಂಪ್ ಪೆರ್ರಿಯಲ್ಲಿ 1907ರಿಂದ ದೊಡ್ಡ ಗುರಿ ಸ್ಪರ್ಧೆಗಳು ನಡೆಯುತ್ತ ಬಂದಿವೆಯಂತೆ, ಇದು ಅದರ ಪುಟ್ಟ ತಮ್ಮ. ಒಂದೇ ಕೈಯಲ್ಲಿ ಹಿಡಿದು ಹೊಡೆಯುವ ಪದ್ಧತಿ. ಅಲ್ಲಿ ಕೆಂಪು ಚುಕ್ಕೆಗೆ ಅಡ್ಡಿಯಿಲ್ಲ. ಆದರೆ ಒಲಿಂಪಿಕ್ಸಿನ ಪಿಸ್ತೂಲು ಸ್ಪರ್ಧೆಯಲ್ಲಿ ಇದಕ್ಕೆ ಅನುಮತಿ ಇಲ್ಲ. 2024ರಲ್ಲಿ ಪ್ಯಾರಿಸಿನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದದ್ದು ಕಬ್ಬಿಣದ ಸೈಟಿನಿಂದಲೇ.

ಮೊದಲ ಐದು ಗುಂಡು ಮರಳಿನ ಚೀಲದ ಮೇಲೆ ಕೈಯಿಟ್ಟು ಹೊಡೆದ. 25 ಗಜ ದೂರ. ಐದೂ ಒತ್ತಾಗಿ ಬಿದ್ದವು, ಆದರೆ ನಡುವಿನಿಂದ ಮೂರು ಇಂಚು ಎಡಕ್ಕೆ, ಎರಡು ಇಂಚು ಕೆಳಗೆ. ಸೈಟಿನ ತಿರುಪು ಒಂದು ಟಿಕ್ ಅಂದರೆ ಒಂದು ಕೋನ ನಿಮಿಷ ಸರಿಯುತ್ತದೆ, ಡಿಗ್ರಿಯ ಅರವತ್ತರಲ್ಲಿ ಒಂದು ಪಾಲು. ನಾವು ಕಾಗದದ ಕರವಸ್ತ್ರದ ಮೇಲೆ ಲೆಕ್ಕ ಹಾಕಿದೆವು. 100 ಗಜ ಅಂದರೆ 3600 ಇಂಚು ತ್ರಿಜ್ಯ. ಪರಿಧಿಯನ್ನು 21600 ನಿಮಿಷಗಳಿಂದ ಭಾಗಿಸಿದರೆ 1.047 ಇಂಚು. 25 ಗಜಕ್ಕೆ ಅದರ ಕಾಲು ಭಾಗ, ಅಂದಾಜು ಕಾಲಿಂಚು. ಹಾಗಾದರೆ ಬಲಕ್ಕೆ 12 ಟಿಕ್, ಮೇಲಕ್ಕೆ 8 ಟಿಕ್. ಮುಂದಿನ ಐದರಲ್ಲಿ ನಾಲ್ಕು ಕಪ್ಪು ವೃತ್ತದ ಒಳಗೇ ಬಿದ್ದವು. ಅವನು ಹಿಂದೆ ತಿರುಗಿ ನೋಡಿದ. ನಮಗೆ ಎಸ್‌ಎಸ್‌ಎಲ್‌ಸಿ ರಿಸಲ್ಟು ಬಂದಷ್ಟು ಖುಷಿ.

ಆದರೆ ಚೀಲ ತೆಗೆದು ಒಂದೇ ಕೈಯಲ್ಲಿ ಹಿಡಿದಾಗ ಗುಂಡುಗಳು ಮತ್ತೆ ಚದುರಿದವು. "ಚುಕ್ಕೆ ನಡುಗ್ತದೆ ಮಾಷ್ಟ್ರೇ. ನಡುವಿಗೆ ಬಂದ ಕ್ಷಣಕ್ಕೇ ಹೊಡೆದುಬಿಡುವ ಅಂತ ಕುದುರೆ ಜಗ್ಗುತ್ತೇನೆ, ಆಗ ಕೆಟ್ಟುಹೋಗ್ತದೆ" ಎಂದ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಅವನ ಭುಜ ತಟ್ಟಿ ಏನೋ ಹೇಳಿದರು. ಅವನು ಕನ್ನಡಕ್ಕೆ ತಂದು ಹೇಳಿದ್ದು ಇಷ್ಟು: ಕೈ ಮೊದಲೂ ನಡುಗುತ್ತಿತ್ತು, ಕಬ್ಬಿಣದ ಸೈಟಿನಲ್ಲಿ ಕಾಣುತ್ತಿರಲಿಲ್ಲ, ಈಗ ಕಾಣ್ತದೆ ಅಷ್ಟೆ. ಕಂಡದ್ದಕ್ಕೆ ಗಾಬರಿ ಬೇಡ, ಮೆಲ್ಲ ಒತ್ತು.

ಆ ಮಾತು ನಮಗೇ ಹೇಳಿದ ಹಾಗಿತ್ತು. ಆ ರಾತ್ರಿ ಇಬ್ಬರಿಗೂ ನಿದ್ರೆ ಬರಲಿಲ್ಲ. ಈ ಹುಡುಗ ಹೇಗೋ ಪಾರಾದ. ಪಾರಾಗದೆ ಹೋದವರು ಎಷ್ಟು ಮಂದಿ? ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಹೋಟೆಲಿಗೆ, ಮೀನಿನ ದೋಣಿಗೆ ಹೋದ "ದಡ್ಡ"ರ ಹೆಸರುಗಳನ್ನು ಒಬ್ಬರಿಗೊಬ್ಬರು ಹೇಳುತ್ತಾ ಹೋದೆವು. ಅವರಲ್ಲಿ ಯಾರ ಕಣ್ಣನ್ನೂ ನಾವು ನೋಡಿರಲಿಲ್ಲ.

2023ರ ಜೂನ್‌ನಲ್ಲಿ ಶಾಲೆ ತೆರೆದ ಮೊದಲ ವಾರ ನಾವು ಒಂದು ಕೆಲಸ ಮಾಡಿದೆವು. ದಪ್ಪ ಕಾಗದದ ಮೇಲೆ ಗಡಿಯಾರದ ಮುಖದ ಹಾಗೆ ನಡುವಿನಿಂದ ಸುತ್ತಲೂ ಒಂದೇ ದಪ್ಪದ ಕಪ್ಪು ಗೆರೆಗಳನ್ನು ಎಳೆದೆವು. ಇನ್ನೊಂದರ ಮೇಲೆ ನಾಲ್ಕು ದಿಕ್ಕಿನ 'ಇ'. ಪ್ರತಿ ಮಗುವನ್ನೂ ಕೊನೆಯ ಬೆಂಚಿನಲ್ಲಿ ಕೂರಿಸಿ, ಒಂದು ಕಣ್ಣು ಅಂಗೈಯಲ್ಲಿ ಮುಚ್ಚಿಸಿ, ಬೇರೆ ಬೇರೆಯಾಗಿ ಕೇಳಿದೆವು. ಎಲ್ಲಾ ಗೆರೆ ಒಂದೇ ಸಮ ಕಪ್ಪಾಗಿ ಕಾಣುತ್ತದಾ, ಕೆಲವು ಮಾತ್ರ ದಪ್ಪ ಕಾಣುತ್ತವಾ? ಇದು ಡಾಕ್ಟರ ಪರೀಕ್ಷೆ ಅಲ್ಲ, ಡಾಕ್ಟರ ಹತ್ತಿರ ಯಾರನ್ನು ಕಳಿಸಬೇಕು ಅಂತ ತಿಳಿಯಲು ಮಾತ್ರ. ನಮ್ಮದು ಸಣ್ಣ ಶಾಲೆ. ಐದು ಮಕ್ಕಳನ್ನು ಕಳಿಸಿದೆವು, ಮೂವರು ಕನ್ನಡಕ ಹಾಕಿಕೊಂಡು ಬಂದರು. ಅದರಲ್ಲಿ ಒಬ್ಬಳನ್ನು ಹಿಂದಿನ ವರ್ಷ ನಾವೇ "ಗಮನ ಇಲ್ಲ" ಎಂದು ಪ್ರೋಗ್ರೆಸ್ ಕಾರ್ಡಿನಲ್ಲಿ ಬರೆದಿದ್ದೆವು. ಆ ಅಕ್ಷರಗಳನ್ನು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿ ಅವಳ ಅಪ್ಪನಿಗೆ ತೋರಿಸಿದೆವು.

ನಮ್ಮಲ್ಲಿ ಮುಳ್ಳು ಕಂಡವರಿಗೂ ಈಗ ಸರಿಯಾದ ಕನ್ನಡಕ ಬಂದಿದೆ. ಸಂಜೆ ದೀಪ ಹಚ್ಚಿದಾಗ ಜ್ಯೋತಿ ಒಂದೇ ಕಾಣುತ್ತದೆ. ಇಬ್ಬರೂ ನಿವೃತ್ತರಾದೆವು. ಆ ಎರಡು ಪಟಗಳು ಶಾಲೆಯ ಕಪಾಟಿನಲ್ಲಿ ಉಂಟು, ಪ್ರತಿ ಜೂನಿನಲ್ಲಿ ಹೊರಗೆ ತೆಗೆಯಬೇಕು ಎಂದು ಹೊಸ ಟೀಚರಿಗೆ ಹೇಳಿ ಬಂದಿದ್ದೇವೆ.

ನಿಮ್ಮ ಶಾಲೆಯ ಕೊನೆಯ ಬೆಂಚಿನಲ್ಲಿ ಮೂರನ್ನು ಎಂಟು ಎಂದು ಬರೆಯುವ ಮಗು ಇದೆಯಾ? ನಾಳೆ ಬೈಯುವ ಮೊದಲು, ಒಂದು ಸಲ ನೀವೇ ಆ ಬೆಂಚಿನಲ್ಲಿ ಅದರ ಪಕ್ಕ ಕೂತು "ನಿನಗೆ ಬೋರ್ಡು ಹೇಗೆ ಕಾಣ್ತದೆ?" ಎಂದು ಕೇಳಿ ನೋಡಿ. ನಾವು ಇಪ್ಪತ್ತೊಂಬತ್ತು ವರ್ಷ ತಡವಾಗಿ ಕೇಳಿದೆವು.